ಅನ್ನಪಾನನಿರೋಧ: ಮೇವಿಲ್ಲದ ಕುದುರೆಯೂ ಶ್ರಾವಕಧರ್ಮವೂ



ಅಷ್ಟಮಿ ಚತುರ್ದಶಿಗಳಲ್ಲಿ ಪ್ರೋಷಧೋಪವಾಸವನ್ನು ಕೈಗೊಳ್ಳುವ ಶ್ರಾವಕನು ತನ್ನ ಅನ್ನವನ್ನು ತಾನೇ ತ್ಯಜಿಸುತ್ತಾನೆ. ಅದು ತಪಸ್ಸು. ಅದೇ ದಿನ ಅವನ ಹಿತ್ತಿಲಿನಲ್ಲಿ ಕಟ್ಟಿದ ಪಶುವಿನ ಗೋದಲಿಯು ಬರಿದಾಗಿದ್ದರೆ ಅದು ಅತಿಚಾರ. ಹಸಿವು ಎರಡು ಕಡೆಯೂ ಒಂದೇ ಆದರೂ ಮೊದಲನೆಯದು ಸಂಕಲ್ಪದಿಂದ ಬಂದದ್ದು, ಎರಡನೆಯದು ಕೊರಳ ಹಗ್ಗದಿಂದ ಬಂದದ್ದು. ಈ ಭೇದವನ್ನು ಮರೆತವನ ಉಪವಾಸವು ಲಂಘನ ಮಾತ್ರವಾಗಿ ಉಳಿಯುತ್ತದೆ.

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ. ಪ್ರಾಣಿಯು ತನ್ನ ಇಚ್ಛೆಯಂತೆ ಚಲಿಸದಂತೆ ಬಿಗಿಯುವುದು, ಕೋಲು ಚಾವಟಿಗಳಿಂದ ಹೊಡೆಯುವುದು, ಕಿವಿ ಮೂಗು ಮುಂತಾದ ಅವಯವಗಳನ್ನು ಕತ್ತರಿಸುವುದು, ಶಕ್ತಿಮೀರಿ ಭಾರ ಹೇರುವುದು, ಹಸಿವು ಬಾಯಾರಿಕೆಗಳಾದಾಗ ಅನ್ನಪಾನಗಳನ್ನು ತಡೆಯುವುದು. ಪ್ರಾಣಹರಣವಾಗದಿದ್ದರೂ ವ್ರತವು ಇವುಗಳಿಂದ ಮಲಿನವಾಗುತ್ತದೆ. ಸಮಂತಭದ್ರಾಚಾರ್ಯರೂ ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ಐದನ್ನೇ ಎಣಿಸಿದ್ದಾರೆ. ಗಮನಿಸಿ ನೋಡಿದರೆ ಈ ಪಟ್ಟಿಯು ಮನುಷ್ಯನಿಗಾಗಿ ದುಡಿಯುವ ಪ್ರಾಣಿಯ ಬಾಳನ್ನೇ ಬರೆದಿಟ್ಟಂತಿದೆ. ಕುದುರೆಯ ಬಾಳಿಗಂತೂ ಅದು ಅಕ್ಷರಶಃ ಸಲ್ಲುತ್ತದೆ.

ಹಳೆಯ ಮೈಸೂರು ಸೀಮೆಯ ಊರುಗಳಲ್ಲಿ ಒಂದು ಕಾಲಕ್ಕೆ ಜಟಕಾಗಳು ಓಡಾಡುತ್ತಿದ್ದವು. ಬಸ್ಸು, ಆಟೋರಿಕ್ಷಾಗಳು ಬಂದ ಮೇಲೆ ಕುದುರೆಗೆ ನಿತ್ಯದ ದುಡಿಮೆ ತಪ್ಪಿ, ಮದುವೆಯ ಮೆರವಣಿಗೆ, ಜಾತ್ರೆ, ಪ್ರವಾಸಿಗರ ಸವಾರಿಗಳು ಉಳಿದವು. ಚನ್ನರಾಯಪಟ್ಟಣ ತಾಲ್ಲೂಕಿನ ಬಾಗೂರಿನಂತಹ ಊರಿನ ಹೊರವಲಯದಲ್ಲಿ ಅಂತಹ ಒಂದು ಕುದುರೆಯನ್ನು ಭಾವಿಸಿಕೊಳ್ಳಿರಿ. ಮದುವೆಯ ಕಾಲ ಮುಗಿದಿದೆ. ಒಡೆಯನು ಅದರ ಮುಂಗಾಲುಗಳೆರಡನ್ನೂ ಸೇರಿಸಿ ಕಟ್ಟಿ ರಸ್ತೆಯ ಬದಿಗೆ ಬಿಟ್ಟಿದ್ದಾನೆ. ಪಕ್ಕೆಲುಬುಗಳು ಎಣಿಕೆಗೆ ಸಿಗುತ್ತವೆ. ಜೀನಿನ ಹುಣ್ಣಿಗೆ ನೊಣ ಮುತ್ತಿದೆ. ಅದೇ ತಾಲ್ಲೂಕಿನ ಶ್ರವಣಬೆಳಗೊಳಕ್ಕೆ ಬಾಹುಬಲಿಸ್ವಾಮಿಯ ದರ್ಶನಕ್ಕೆಂದು ಹೊರಟ ಶ್ರಾವಕ ಕುಟುಂಬವೊಂದು ಅದನ್ನು ನೋಡುತ್ತದೆ. ಅದರ ಕರ್ತವ್ಯವೇನು?

ಕುದುರೆಯು ಅವರದಲ್ಲವಾದುದರಿಂದ ಅತಿಚಾರದ ದೋಷವು ಒಡೆಯನಿಗೆ ಸೇರಿದ್ದು. ಆದರೆ ಪ್ರಶಮ, ಸಂವೇಗ, ಅನುಕಂಪ, ಆಸ್ತಿಕ್ಯಗಳು ಸಮ್ಯಕ್ತ್ವದ ಗುರುತುಗಳೆಂದು ಆಚಾರ್ಯರು ಹೇಳಿರುವರು. ಕಂಡೂ ಕರಗದ ಮನಸ್ಸಿನಲ್ಲಿ ಅನುಕಂಪವೆಂಬ ಗುರುತೇ ಅಳಿಯತೊಡಗುತ್ತದೆ. ಬೇರಿಗೇ ಹುಳು ಬಿದ್ದ ಮೇಲೆ ವ್ರತವೆಂಬ ಗಿಡಕ್ಕೆ ಎಷ್ಟು ನೀರೆರೆದರೇನು?

ಇಲ್ಲಿ ಮೂರು ಸಂದೇಹಗಳು ಏಳುತ್ತವೆ. ಕುದುರೆಯು ತನ್ನ ಪೂರ್ವಕರ್ಮವನ್ನು ಉಣ್ಣುತ್ತಿದೆ, ಅಕಾಮ ನಿರ್ಜರೆಯಾಗುತ್ತಿದೆ, ಅದನ್ನು ತಡೆಯುವುದೇಕೆ ಎಂಬುದು ಮೊದಲನೆಯದು. ವಿವಶವಾಗಿ ಸಹಿಸಿದ ಹಸಿವಿನಿಂದ ಆಗುವ ನಿರ್ಜರೆಯನ್ನು ಶಾಸ್ತ್ರವು ಒಪ್ಪಿರುವುದು ನಿಜ. ಆದರೆ ಅದನ್ನು ನೆಪವಾಗಿಸಿ ಗೋದಲಿಯನ್ನು ಮುಚ್ಚಿದವನಿಗಾಗಲಿ, ನೋಡಿ ನಡೆದುಹೋದವನಿಗಾಗಲಿ ಅದರಿಂದ ಪುಣ್ಯವಿಲ್ಲ. ಕುದುರೆಯ ಕರ್ಮವು ಕುದುರೆಯದು. ನೋಡುವವನ ಪರಿಣಾಮದಿಂದ ಕಟ್ಟಿಕೊಳ್ಳುವ ಕರ್ಮವು ಅವನದು.

ಎರಡನೆಯ ಸಂದೇಹವು ಮಾಧ್ಯಸ್ಥ್ಯದ ಹೆಸರಿನಲ್ಲಿ ಬರುತ್ತದೆ. ಎಲ್ಲ ಜೀವಿಗಳಲ್ಲಿ ಮೈತ್ರಿ, ಗುಣಾಧಿಕರಲ್ಲಿ ಪ್ರಮೋದ, ದುಃಖಿಗಳಲ್ಲಿ ಕಾರುಣ್ಯ, ತಿಳಿಹೇಳಿದರೂ ಕೇಳದ ಅವಿನಯಿಗಳಲ್ಲಿ ಮಾಧ್ಯಸ್ಥ್ಯ ಎಂದು ಭಾವನೆಗಳು ನಾಲ್ಕು. ಕಾರುಣ್ಯವು ಸಲ್ಲಬೇಕಾದುದು ಕುದುರೆಗೆ. ಮಾಧ್ಯಸ್ಥ್ಯವು ಸಲ್ಲಬೇಕಾದುದು ಮಾತು ಕೇಳದ ಒಡೆಯನಿಗೆ. ಲೋಕದಲ್ಲಿ ಇದು ತಿರುಗುಮುರುಗಾಗುತ್ತದೆ. ಜನರು ಕುದುರೆಯ ವಿಷಯದಲ್ಲಿ ತಟಸ್ಥರಾಗಿ ಒಡೆಯನ ಮೇಲೆ ಸಿಟ್ಟುಗೊಳ್ಳುತ್ತಾರೆ. ಸಿಟ್ಟಿನಿಂದ ಕುದುರೆಯ ಹೊಟ್ಟೆ ತುಂಬದು, ಸಿಟ್ಟಾದವನಿಗೆ ಕಷಾಯಬಂಧವಾಗುತ್ತದೆ.

ಹುಲ್ಲು ಕೊಯ್ದರೆ ಏಕೇಂದ್ರಿಯ ಜೀವಗಳಿಗೆ ಹಿಂಸೆಯಾಗದೇ ಎಂಬುದು ಮೂರನೆಯದು. ಗೃಹಸ್ಥನು ಸ್ಥಾವರಹಿಂಸೆಯನ್ನು ಪೂರ್ಣವಾಗಿ ಬಿಟ್ಟವನಲ್ಲ; ಆದಷ್ಟು ಕಡಿಮೆ ಮಾಡುವವನು. ಒಣಹುಲ್ಲನ್ನೂ ಸೋಸಿದ ನೀರನ್ನೂ ಕೊಡಲು ಅವನ ವ್ರತಕ್ಕೆ ಅಡ್ಡಿಯಿಲ್ಲ. ಆರಂಭತ್ಯಾಗ ಮಾಡಿದ ಪರ್ವದಿನವಾದರೆ ಮನೆಯ ಮತ್ತೊಬ್ಬರು ಆ ಕೆಲಸವನ್ನು ಮಾಡಬಹುದು.

ಕುದುರೆಯನ್ನು ಅಲ್ಪವೆಂದು ಕಾಣಲು ಜಿನಶಾಸನದಲ್ಲಿ ಎಡೆಯಿಲ್ಲ. ಮೂರನೆಯ ತೀರ್ಥಂಕರರಾದ ಸಂಭವನಾಥಸ್ವಾಮಿಯ ಲಾಂಛನವೇ ಕುದುರೆ. ಅದು ಸಂಜ್ಞಿ ಪಂಚೇಂದ್ರಿಯ ಜೀವ. ಐದು ಇಂದ್ರಿಯಗಳ ಜೊತೆಗೆ ಮನಸ್ಸೂ ಉಳ್ಳದ್ದು. ಇಂತಹ ತಿರ್ಯಂಚಜೀವವು ಸಮ್ಯಕ್ತ್ವವನ್ನು ಪಡೆದು ಐದನೆಯ ಗುಣಸ್ಥಾನದವರೆಗೆ, ಅಂದರೆ ಅಣುವ್ರತಿಯಾದ ಶ್ರಾವಕನ ಮೆಟ್ಟಿಲವರೆಗೆ ಏರಬಲ್ಲುದೆಂದು ಆಗಮವು ಹೇಳುತ್ತದೆ. ರಸ್ತೆಯ ಬದಿಯಲ್ಲಿ ನಿಂತಿರುವುದು ಶ್ರಾವಕನ ಸಾಧರ್ಮಿಯಾಗಬಲ್ಲ ಜೀವ.

ಹಾಗಾದರೆ ಮಾಡಬೇಕಾದುದೇನು? ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ಚತುರ್ವಿಧ ದಾನವನ್ನು ಕನ್ನಡ ನಾಡಿನ ಜೈನ ಶಾಸನಗಳು ಮತ್ತೆ ಮತ್ತೆ ಕೊಂಡಾಡಿವೆ. ಆ ನಾಲ್ಕೂ ಇಲ್ಲಿ ಬೇಕು.

ಆಹಾರದಾನದಲ್ಲಿ ವಿವೇಕವಿರಲಿ. ಬಹುದಿನ ಹಸಿದ ಕುದುರೆಗೆ ಕನಿಕರದಿಂದ ಒಮ್ಮೆಗೇ ಹುರುಳಿಯನ್ನೋ ಬೂಸವನ್ನೋ ರಾಶಿ ಹಾಕಿದರೆ ಅದು ಸಾಯಲೂಬಹುದು. ಕುದುರೆಯ ಜಠರವು ಚಿಕ್ಕದು. ಅದಕ್ಕೆ ವಾಂತಿ ಮಾಡುವ ಶಕ್ತಿಯಿಲ್ಲ. ಹೊಟ್ಟೆಶೂಲೆಯು ಅದಕ್ಕೆ ಪ್ರಾಣಾಂತಿಕ. ಮೊದಲು ಶುದ್ಧವಾದ ನೀರು, ಬಳಿಕ ಒಳ್ಳೆಯ ಒಣಹುಲ್ಲು, ಅದೂ ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ಹಲವು ಸಲ. ಕಾಳನ್ನು ವೈದ್ಯರು ಹೇಳಿದ ಮೇಲೆ ಕೊಡತಕ್ಕದ್ದು. ಭೈಷಜ್ಯಕ್ಕಾಗಿ ಪಶುವೈದ್ಯರಿಗೆ ತಿಳಿಸಬೇಕು. 1962 ಎಂಬ ದೂರವಾಣಿ ಸಂಖ್ಯೆಯು ಇದಕ್ಕಾಗಿಯೇ ಇದೆ. ಹುಣ್ಣನ್ನು ತೊಳೆಯಿಸುವುದು, ಧನುರ್ವಾಯುವಿನ ಚುಚ್ಚುಮದ್ದು, ಆರೆಂಟು ವಾರಗಳಿಗೊಮ್ಮೆ ಗೊರಸು ಸವರಿಸುವುದು ಇದರಲ್ಲಿ ಸೇರುತ್ತವೆ. ನೆರಳು, ಸಡಿಲವಾದ ಉದ್ದ ಹಗ್ಗ, ವಾಹನಗಳಿಂದ ದೂರದ ಎಡೆ, ಇವು ಅಭಯದಾನ.

ನಾಲ್ಕನೆಯದಾದ ಶಾಸ್ತ್ರದಾನವು, ಎಂದರೆ ತಿಳಿವಳಿಕೆಯ ದಾನವು, ಒಡೆಯನಿಗೆ ಸಲ್ಲತಕ್ಕದ್ದು. ರಾತ್ರಿ ಹಗ್ಗ ಬಿಚ್ಚಿ ಕುದುರೆಯನ್ನು ಹೊಡೆದುಕೊಂಡು ಹೋದರೆ ಅದು ಅದತ್ತಾದಾನ. ಒಂದು ವ್ರತಕ್ಕಾಗಿ ಇನ್ನೊಂದನ್ನು ಮುರಿದಂತೆ. ಮೊದಲು ಅವನ ಮನೆಯ ಬಾಗಿಲಿಗೆ ಹೋಗಬೇಕು. 2020ರಲ್ಲಿ ಕೋವಿಡ್ ನಿರ್ಬಂಧಗಳಿಂದ ಪ್ರವಾಸಿಗರು ಬಾರದಾದಾಗ ಮೈಸೂರಿನ ಟಾಂಗಾದವರು ಕುದುರೆಗಳಿಗೆ ಮೇವು ಒದಗಿಸಲಾರದೆ ಕಂಗೆಟ್ಟರು. ಅವರ ಮನೆಗಳಲ್ಲೂ ಒಲೆ ಉರಿಯುವುದು ಕಷ್ಟವಾಗಿತ್ತು. ಬಡತನದಿಂದ ಕೈಬಿಟ್ಟವನಿಗೆ ಮೇವಿನ ಹಣವೇ ಉಪದೇಶ. ಶಕ್ತಿಯಿದ್ದೂ ಕೈಬಿಟ್ಟವನಿಗೆ ಮೃದುವಾದ ಮಾತು. ಅದಕ್ಕೂ ಬಗ್ಗದಿದ್ದರೆ ಕಾಯಿದೆಯಿದೆ. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 11ನೆಯ ಕಲಮು ಸಾಕಷ್ಟು ಆಹಾರ, ನೀರು, ಆಸರೆ ಕೊಡದಿರುವುದನ್ನೂ, ಹುಣ್ಣಾದ ಪ್ರಾಣಿಯನ್ನು ದುಡಿಸುವುದನ್ನೂ, ಸಕಾರಣವಿಲ್ಲದೆ ಬಿಟ್ಟುಬಿಡುವುದನ್ನೂ ಅಪರಾಧವೆನ್ನುತ್ತದೆ. ಮೊದಲ ಅಪರಾಧಕ್ಕೆ ದಂಡವು ಹೆಚ್ಚೆಂದರೆ 50 ರೂಪಾಯಿ. ಪೊಲೀಸರಿಗೆ ದೂರು ಕೊಡುವಾಗಲೂ ಕುದುರೆಯ ರಕ್ಷಣೆಯೇ ಉದ್ದೇಶವಾಗಿರಬೇಕು, ಒಡೆಯನ ಅವಮಾನವಲ್ಲ.

ಇಷ್ಟು ನರಳುವುದಕ್ಕಿಂತ ಕೊಂದು ದುಃಖದಿಂದ ಬಿಡಿಸುವುದೇ ದಯೆಯೆಂದು ಕೆಲವರು ಹೇಳುವುದುಂಟು. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಈ ವಾದವನ್ನು ಸ್ಪಷ್ಟವಾಗಿ ನಿಷೇಧಿಸಿದ್ದಾರೆ. ಕೊನೆಯವರೆಗಿನ ಆರೈಕೆಯೇ ಶ್ರಾವಕನ ಮಾರ್ಗ. 1424ರಲ್ಲಿ ಭಾಸ್ಕರ ಕವಿಯು ಕನ್ನಡದಲ್ಲಿ ರಚಿಸಿದ ಜೀವಂಧರ ಚರಿತೆಯ ಕಥಾನಾಯಕನು, ಹೊಡೆತ ತಿಂದು ಸಾಯುತ್ತಿದ್ದ ನಾಯಿಗೆ ಪಂಚನಮಸ್ಕಾರ ಮಂತ್ರವನ್ನು ಕೇಳಿಸಿದನು. ಆ ಜೀವವು ಯಕ್ಷನಾಗಿ ಹುಟ್ಟಿತು. ಪ್ರಾಣವು ನಿಲ್ಲದ ಗಳಿಗೆಯಲ್ಲಿ ಮಂತ್ರವೇ ಪರಮೌಷಧ. ಮೇವಿನಿಂದ ಬದುಕಬಲ್ಲ ಜೀವಕ್ಕೆ ಮೇವನ್ನು ಕೊಡದೆ ಮಂತ್ರವನ್ನಷ್ಟೇ ಹೇಳಿ ಮುಂದೆ ಸಾಗುವುದು ಆ ಮಂತ್ರಕ್ಕೆ ಗೌರವವಲ್ಲ.

ಆದುದರಿಂದ ಉಪವಾಸವನ್ನು ಆಚರಿಸುವ ಪ್ರತಿಯೊಂದು ಕುಟುಂಬವೂ ಒಂದು ಸಣ್ಣ ನಿಯಮವನ್ನು ಸ್ವೀಕರಿಸಬಹುದು. ಆ ದಿನ ಮನೆಯಲ್ಲಿ ಉಳಿದ ಊಟದ ವೆಚ್ಚವನ್ನು ಮೂಕಜೀವಿಗಳ ಮೇವಿಗೆಂದು ತೆಗೆದಿಡುವುದು. ಮರುದಿನ ಪಾರಣೆಗೆ ಕುಳಿತುಕೊಳ್ಳುವ ಮೊದಲು, ಮನೆಯ ಪಶುಗಳೂ ಬೀದಿಯ ಪಶುಗಳೂ ನೀರು ಕಂಡವೇ ಎಂದು ವಿಚಾರಿಸುವುದು. ಒಂದು ದಿನದ ಹಸಿವನ್ನು ಮನಸಾರೆ ಅರಿತವನಿಗೆ, ಬಾಯಿಲ್ಲದ ಜೀವದ ಅನೇಕ ದಿನಗಳ ಹಸಿವು ಅರ್ಥವಾಗದಿರದು.