ಅನ್ನವಿಕ್ಕಿದರೆ ಸಾಕೆ?



ಮಗುವಿಗೆ ಹೊಟ್ಟೆ ತುಂಬ ಉಣಿಸಿ, ಮೈ ತುಂಬ ಬಟ್ಟೆ ತೊಡಿಸಿದರೆ ಹೆತ್ತವರ ಕರ್ತವ್ಯ ಮುಗಿಯಿತೆ? ನಮ್ಮಲ್ಲಿ ಅನೇಕರು ಹಾಗೆಂದೇ ತಿಳಿದಿದ್ದೇವೆ.

ಎರಡನೆಯ ಮಹಾಯುದ್ಧದ ತರುವಾಯ, 1948ರಲ್ಲಿ, ಎಲ್ಸಿ ವಿಡೋಸನ್ ಎಂಬ ಇಂಗ್ಲೆಂಡಿನ ಆಹಾರ ವಿಜ್ಞಾನಿ ಜರ್ಮನಿಯ ಎರಡು ಅನಾಥಾಲಯಗಳ ಮಕ್ಕಳನ್ನು ವರ್ಷಕಾಲ ತೂಗಿ ನೋಡಿದರು. ಮೊದಲ ಆರು ತಿಂಗಳು ಎರಡೂ ಕಡೆ ಒಂದೇ ಪಡಿ. ಅನಂತರ ಒಂದು ಕಡೆಯ ಮಕ್ಕಳಿಗೆ ಮಾತ್ರ ಹೆಚ್ಚಿನ ಬ್ರೆಡ್ಡು, ಜಾಮು, ಕಿತ್ತಳೆ ರಸ ಕೊಡಿಸಿದರು. ಆದರೆ ಹೆಚ್ಚು ಬೆಳೆದವರು ಹಳೆಯ ಪಡಿಯನ್ನೇ ಉಂಡವರು! ಕಾರಣವೇನು? ಊಟದ ಹೊತ್ತಿನಲ್ಲೇ ಮಕ್ಕಳನ್ನು ಎಲ್ಲರೆದುರು ಗದರಿಸಿ ಅವಮಾನಿಸುತ್ತಿದ್ದ ಮೇಲ್ವಿಚಾರಕಿಯೊಬ್ಬಳು ಅದೇ ಸಮಯಕ್ಕೆ ಇವರನ್ನು ಬಿಟ್ಟು, ಹೆಚ್ಚಿನ ಪಡಿ ಸಿಗುತ್ತಿದ್ದ ಕಡೆಗೆ ವರ್ಗವಾಗಿ ಹೋಗಿದ್ದಳು. ಅವಳು ತನ್ನೊಡನೆ ಕರೆದೊಯ್ದ ಅಚ್ಚುಮೆಚ್ಚಿನ ಎಂಟು ಮಕ್ಕಳು ಮಾತ್ರ ಎಲ್ಲರಿಗಿಂತ ಚೆನ್ನಾಗಿ ಬೆಳೆದರು.

ಮಗು ಗಾಢ ನಿದ್ರೆಯಲ್ಲಿರುವಾಗ ತಲೆಯೊಳಗಿನ ಪುಟ್ಟ ಗ್ರಂಥಿಯೊಂದು ಬೆಳವಣಿಗೆಯ ರಸವನ್ನು ಸುರಿಸುತ್ತದೆ. ಸದಾ ಅಂಜಿಕೆಯಲ್ಲಿ, ಯಾರಿಗೂ ಬೇಡವಾಗಿ ಬಾಳುವ ಮಗುವಿನಲ್ಲಿ ಆ ರಸ ಬತ್ತಬಹುದು. ಅಕ್ಕರೆಯ ನೆಲೆ ಸಿಕ್ಕರೆ ಅದು ಮತ್ತೆ ಒಸರಿ ಮಗು ಬೆಳೆಯತೊಡಗುವುದನ್ನು ವೈದ್ಯರು ಕಂಡಿದ್ದಾರೆ. ಗದರುವ ಕೈಗೆ ಹಸುವೂ ಹಾಲಿಳಿಸದೆಂದು ರೈತರಿಗೆ ಹೇಳಬೇಕೆ?

ಈ ಮಾತು ನಮ್ಮ ಜಿಲ್ಲೆಗಳಿಗೆ ಹೆಚ್ಚು ಸಲ್ಲುತ್ತದೆ. ಹೆಣ್ಣುಶಿಶು ಹತ್ಯೆಯನ್ನು ತಡೆಯಲು ತಮಿಳುನಾಡು ಸರಕಾರ 1992ರಲ್ಲಿ ತೊಟ್ಟಿಲು ಕೂಸು ಯೋಜನೆಯನ್ನು ಮೊದಲು ಆರಂಭಿಸಿದ್ದು ಸೇಲಂ ಜಿಲ್ಲೆಯಲ್ಲಿ. 2001ರಲ್ಲಿ ಅದು ಧರ್ಮಪುರಿಗೂ ಬಂತು. ಆ ತೊಟ್ಟಿಲು ಎಷ್ಟೋ ಪ್ರಾಣಗಳನ್ನು ಉಳಿಸಿತು. ಆದರೆ ಮನೆಯಲ್ಲೇ ಉಳಿದ 'ಮತ್ತೊಂದು ಹೆಣ್ಣಿನ' ಗತಿಯೇನು? ಕೊಲ್ಲಲಿಲ್ಲ, ಉಪವಾಸ ಕೆಡವಲಿಲ್ಲ ಎಂದು ನಾವು ಸಮಾಧಾನ ಪಡುತ್ತೇವೆ. ತಟ್ಟೆ ಮುಂದಿಡುವಾಗ 'ಇದೊಂದು ಹೊರೆ' ಎಂದು ಗೊಣಗಿದ್ದು ಆ ಕೂಸಿಗೆ ಕೇಳಿಸದೆ?

ಬಡಕಲಾದ ಮಕ್ಕಳೆಲ್ಲರೂ ಪ್ರೀತಿ ಕಾಣದವರೆಂದು ಇದರ ಅರ್ಥವಲ್ಲ. ಅರೆಹೊಟ್ಟೆ, ಜಂತುಹುಳು, ರೋಗ ಇವುಗಳನ್ನು ಮೊದಲು ವೈದ್ಯರಿಂದ ಪರೀಕ್ಷಿಸಿಸಬೇಕು. ತಾಯಿಯೊಬ್ಬಳನ್ನೇ ದೂರುವುದೂ ಸಲ್ಲದು. ದಿನವಿಡೀ ಹೊಲದಲ್ಲಿ ದುಡಿದು, ಹೆಣ್ಣು ಹೆತ್ತಳೆಂದು ಬೈಸಿಕೊಂಡವಳು ಅಕ್ಕರೆಯನ್ನು ಎಲ್ಲಿಂದ ತಂದಾಳು? ಒಳ್ಳೆಯ ಮಾತು ಮೊದಲು ಅವಳಿಗೆ ಸಲ್ಲಬೇಕು.

ತಿರಸ್ಕಾರ ಬೆರೆಸಿ ಇಕ್ಕಿದ ಅನ್ನ ದಾಸೋಹವಾಗದೆಂದು ಬಲ್ಲವರು ನಾವು. ಬಂದ ಅತಿಥಿಗೊಂದು ನ್ಯಾಯ, ಮನೆಯ ಕೂಸಿಗೊಂದು ನ್ಯಾಯವೆ? ಇಂದು ಅಂಗಡಿ ಮುಚ್ಚಿ, ಹೊಲದಿಂದ ಮರಳಿ ಮನೆ ಸೇರಿದಾಗ ಆ ಮಗಳನ್ನು ಹೆಸರು ಹಿಡಿದು ಕರೆದು, ಪಕ್ಕದಲ್ಲಿ ಕೂರಿಸಿಕೊಂಡು ಉಣ್ಣಿರಿ.