ಮೊದಲು ಕೇಳಿದ ಪ್ರಶ್ನೆ

2015ರ ಮಳೆಗಾಲದ ಒಂದು ಸಂಜೆ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಳು. ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಒಂದು ಗುಟುಕೂ ಕುಡಿಯದೆ, ಮೂರು ತಿಂಗಳ ಹಿಂದೆ ಪರಿಚಯದವನೊಬ್ಬ ತನ್ನ ಮೇಲೆ ನಡೆಸಿದ ಅತ್ಯಾಚಾರವನ್ನು ತುಂಡು ತುಂಡಾಗಿ ಹೇಳಿದಳು. ನನ್ನ ಬಾಯಿಂದ ಹೊರಟ ಮೊದಲ ಮಾತು, "ಕೂಗಿಕೊಳ್ಳಲಿಲ್ಲವೇನೇ?"

"ದನಿಯೇ ಬರಲಿಲ್ಲ, ಮೇಡಂ" ಎಂದು ಲೋಟ ಕೆಳಗಿಟ್ಟಳು. ಆಮೇಲೆ ಮಳೆಯ ಬಗ್ಗೆ, ಬಸ್ಸಿನ ಬಗ್ಗೆ ಎರಡು ಮಾತಾಡಿ ಹೊರಟುಹೋದಳು. ಆ ವಿಷಯವನ್ನು ಮತ್ತೆಂದೂ ನನ್ನೆದುರು ಎತ್ತಲಿಲ್ಲ.

ಕಕ್ಕುಲಾತಿಯಿಂದಲೇ ಕೇಳಿದ್ದೆ. ಅದು ಸುಳ್ಳೆಂದು ಈಗಲೂ ಹೇಳಲಾರೆ. ಆದರೆ ಆ ಪ್ರಶ್ನೆ ನನ್ನ ನಾಲಿಗೆಗೆ ಎಲ್ಲಿಂದ ಬಂತು ಎಂದು ಹುಡುಕುತ್ತ ಹೋದಾಗ, ನನಗಿಂತ ಬಹಳ ಮೊದಲೇ, ಬಹಳ ದೊಡ್ಡವರು ಅದನ್ನು ಕೇಳಿದ್ದು ಕಂಡಿತು.

1972ರಲ್ಲಿ ಮಹಾರಾಷ್ಟ್ರದ ದೇಸಾಯಿಗಂಜ್ ಪೊಲೀಸ್ ಠಾಣೆಯ ಆವರಣದಲ್ಲಿ ಹದಿಹರೆಯದ ಆದಿವಾಸಿ ಹುಡುಗಿಯೊಬ್ಬಳ ಮೇಲೆ ಅತ್ಯಾಚಾರವಾಯಿತೆಂಬ ಮೊಕದ್ದಮೆ ನಡೆಯಿತು. (ಪ್ರಕರಣ ಅವಳ ಹೆಸರಿನಿಂದಲೇ ಪ್ರಸಿದ್ಧ. ನಾನು ಬರೆಯುವುದಿಲ್ಲ, ಸಂತ್ರಸ್ತೆಯ ಹೆಸರು ಬಯಲು ಮಾಡುವುದು ಅಪರಾಧವೆಂದು ಕಾನೂನು ಹೇಳಿದ್ದೂ ಅವಳ ಪ್ರಕರಣದ ನಂತರವೇ.) ಭಯಕ್ಕೆ ಮಣಿದು ಸುಮ್ಮನಿರುವುದು ಒಪ್ಪಿಗೆಯಾಗದು ಎಂದು ಹೈಕೋರ್ಟಿನ ನಾಗಪುರ ಪೀಠ ಆರೋಪಿ ಪೊಲೀಸರನ್ನು ಶಿಕ್ಷಿಸಿತು. 1978ರಲ್ಲಿ ಸುಪ್ರೀಂ ಕೋರ್ಟು, ಮೈಮೇಲೆ ಗಾಯವಿಲ್ಲ, ಕೂಗಿಕೊಂಡದ್ದಿಲ್ಲ ಎಂದು ಅವರನ್ನು ಬಿಟ್ಟಿತು. ಮರುವರ್ಷ ಉಪೇಂದ್ರ ಬಕ್ಷಿ, ವಸುಧಾ ಧಾಗಮ್‌ವಾರ್, ರಘುನಾಥ ಕೇಳ್ಕರ್, ಲೋತಿಕಾ ಸರ್ಕಾರ್ ಎಂಬ ನಾಲ್ವರು ಕಾನೂನು ಅಧ್ಯಾಪಕರು ಮುಖ್ಯ ನ್ಯಾಯಮೂರ್ತಿಗಳಿಗೆ ಬಹಿರಂಗ ಪತ್ರ ಬರೆದರು. ಬೀದಿಗಳಲ್ಲಿ ಹೆಣ್ಣುಮಕ್ಕಳು ನಿಂತರು. 1983ರಲ್ಲಿ ಕಾನೂನು ಬದಲಾಯಿತು: ಪೊಲೀಸರ ವಶದಂಥ ಸಂದರ್ಭದಲ್ಲಿ ಸಂಭೋಗ ನಡೆದದ್ದು ರುಜುವಾತಾಗಿ, ತನ್ನ ಒಪ್ಪಿಗೆಯಿರಲಿಲ್ಲವೆಂದು ಹೆಣ್ಣು ಹೇಳಿದರೆ, ನ್ಯಾಯಾಲಯ ಅದನ್ನೇ ಆಧಾರವಾಗಿ ಹಿಡಿಯಬೇಕು, ಹಾಗಲ್ಲವೆಂದು ತೋರಿಸುವ ಹೊರೆ ಆರೋಪಿಯದು. ಅವಳ 'ಚಾರಿತ್ರ್ಯ'ವನ್ನು ಕೆದಕಿ ಸಾಕ್ಷ್ಯವನ್ನು ಹಳಿಯಲು ಅವಕಾಶ ಕೊಟ್ಟಿದ್ದ ಕಲಮು ಹೋಗಲು ಮಾತ್ರ 2002ರವರೆಗೆ ಕಾಯಬೇಕಾಯಿತು. 2013ರ ತಿದ್ದುಪಡಿಯಂತೂ, ಮೈಬಲದಿಂದ ಪ್ರತಿಭಟಿಸಲಿಲ್ಲ ಎಂಬ ಒಂದೇ ಕಾರಣಕ್ಕೆ ಒಪ್ಪಿಗೆಯಿತ್ತೆಂದು ಭಾವಿಸಕೂಡದು ಎಂದು ಬರೆದೇಬಿಟ್ಟಿತು.

ಅಂದರೆ ನಾನು ನನ್ನ ಪ್ರಶ್ನೆ ಕೇಳುವ ಹೊತ್ತಿಗೆ, ಅದಕ್ಕಿದ್ದ ಬೆಲೆಯನ್ನು ಕಾನೂನು ಕಳೆದು ಎರಡು ವರ್ಷವಾಗಿತ್ತು.

ನಾನು ಸುಧಾರಣೆಯ ಪರವಾಗಿದ್ದವಳು. ಅದೇ ನನ್ನನ್ನು ಹೆಚ್ಚು ಕಾಡುವುದು. 2012ರ ದೆಹಲಿ ಸಾಮೂಹಿಕ ಅತ್ಯಾಚಾರದ ನಂತರ ಮೇಣದಬತ್ತಿ ಹಿಡಿದು 'ಗಲ್ಲಿಗೇರಿಸಿ' ಎಂದು ಕೂಗಿದವರ ನಡುವೆ ನಾನೂ ಇದ್ದೆ. ಕಾನೂನಿನ ಬದಲಾವಣೆ ಸೂಚಿಸಲು ಆಗ ನೇಮಕವಾದ ನ್ಯಾಯಮೂರ್ತಿ ವರ್ಮಾ ಸಮಿತಿ ಮರಣದಂಡನೆಯನ್ನು ಶಿಫಾರಸು ಮಾಡದಿದ್ದಾಗ ಬೇಸರಪಟ್ಟಿದ್ದೆ. ಆ ತಿದ್ದುಪಡಿ ತಂದ, ದೂರು ಬರೆದುಕೊಳ್ಳದ ಪೊಲೀಸನಿಗೆ ಶಿಕ್ಷೆ, ಆಸ್ಪತ್ರೆಯಲ್ಲಿ ಉಚಿತ ಚಿಕಿತ್ಸೆ ಎಂಬವು ಆಗ ನನಗೆ ಸಣ್ಣಪುಟ್ಟ ವಿವರಗಳಾಗಿ ಕಂಡವು. ಗಲ್ಲು ಕೇಳುವುದು ಸುಲಭವಿತ್ತು. ಅದು ನನ್ನಿಂದ ಏನನ್ನೂ ಕೇಳುತ್ತಿರಲಿಲ್ಲ.

2020ರಲ್ಲಿ ನಮ್ಮ ಹೈಕೋರ್ಟಿನ ಜಾಮೀನು ಆದೇಶವೊಂದು, ಅತ್ಯಾಚಾರವಾದ ಮೇಲೆ ದಣಿದು ನಿದ್ದೆಹೋದೆನೆಂಬ ಹೆಣ್ಣಿನ ಮಾತು ಭಾರತೀಯ ಸ್ತ್ರೀಗೆ ತಕ್ಕುದಲ್ಲ ಎಂದಿತು. ಆ ಮಾತುಗಳನ್ನು ಆಮೇಲೆ ತೆಗೆದುಹಾಕಲಾಯಿತು. ಪತ್ರಿಕೆಯಲ್ಲಿ ಓದಿದ ದಿನ ಸಂಪಾದಕರಿಗೆ ಪತ್ರ ಬರೆಯಲು ಕೂತೆ. ನಾಲ್ಕು ಸಾಲಾಗುವಷ್ಟರಲ್ಲಿ ಆ ಕಾಫಿ ಲೋಟ ನೆನಪಾಗಿ ಪೆನ್ನು ನಿಂತಿತು.

ವಕೀಲರಾದ ಸ್ನೇಹಿತರೊಬ್ಬರು, "ಪ್ರಶ್ನೆಯನ್ನೇ ಕೇಳಬಾರದೆಂದರೆ ನಿರಪರಾಧಿ ಉಳಿಯುವುದು ಹೇಗೆ?" ಎನ್ನುತ್ತಾರೆ. ಒಪ್ಪುತ್ತೇನೆ, ಪರೀಕ್ಷಿಸದೆ ಯಾರನ್ನೂ ಶಿಕ್ಷಿಸಲಾಗದು. ಆದರೆ ಅಂದು ನನ್ನ ಜಗುಲಿಯಲ್ಲಿ ಆರೋಪಿ ಇರಲಿಲ್ಲ, ನಾನು ತೀರ್ಪು ಕೊಡಬೇಕಾಗಿಯೂ ಇರಲಿಲ್ಲ. ಹಾಗಿದ್ದೂ ನಾನು ವಿಚಾರಣೆ ನಡೆಸಿದೆ, ಅದೂ ಅವಳ ವಿಚಾರಣೆ. ಅವನು ಯಾರು, ಏನು ಮಾಡಿದ ಎಂದು ಒಂದು ಮಾತೂ ಕೇಳಲಿಲ್ಲ. ಅದಕ್ಕೇ, 2024ರ ಜುಲೈಯಲ್ಲಿ ಜಾರಿಗೆ ಬಂದ ಹೊಸ ಅಪರಾಧ ಸಂಹಿತೆಯೂ ಹದಿನೆಂಟು ದಾಟಿದ ಹೆಂಡತಿಯ ವಿಷಯದಲ್ಲಿ ಗಂಡನನ್ನು ಅತ್ಯಾಚಾರದ ಕಲಮಿನಿಂದ ಹೊರಗಿಟ್ಟಿದೆ ಎಂದು ಓದಿದಾಗ, ಸಂಸತ್ತನ್ನು ಬೈಯುವ ಧೈರ್ಯ ಮೊದಲಿನಷ್ಟು ಇರಲಿಲ್ಲ.

ಕಳೆದ ತಿಂಗಳು ಅವಳ ಫೋನು ಬಂತು, ಯಾವುದೋ ಪ್ರಮಾಣಪತ್ರದ ವಿಚಾರ. ಮಾತು ಮುಗಿದ ಮೇಲೂ ಇಬ್ಬರೂ ಫೋನು ಇಡಲಿಲ್ಲ. ಹೇಳಬೇಕಾದ್ದು ಗಂಟಲವರೆಗೆ ಬಂದಿತ್ತು.

"ಅಲ್ಲಿ ಮಳೆ ಇದೆಯೇನೇ?" ಎಂದೆ.

"ಇದೆ, ಮೇಡಂ" ಎಂದಳು.