ಬಾಣದ ಮೊನೆ ಮತ್ತು ಸಂಕಲ್ಪ
ಅಭ್ಯಾಸದ ಬಾಣದ ಮೊನೆ ನುಣುಪು; ಬೇಟೆಯ ಬಾಣಕ್ಕೆ ಅಗಲವಾದ, ಹರಿತವಾದ ಅಲಗುಗಳು. ತೂಕ ಸಮವಿದ್ದರೂ ಅಲಗುಗಳು ಗಾಳಿಗೆ ಸಿಲುಕುವುದರಿಂದ, ಬಾಣ ಹೊರಡುವಾಗಿನ ಅಲ್ಪ ವಕ್ರತೆಯೂ ದೂರದಲ್ಲಿ ಹೆಚ್ಚುತ್ತದೆ. ಬಿಲ್ಲನ್ನು ಹದಗೊಳಿಸಿ ಎರಡನ್ನೂ ಒಂದೇ ಗುರಿಗೆ ಮುಟ್ಟಿಸುವುದು ಬೇಟೆಗಾರನ ಕುಶಲತೆ. ಮೃಗವು ಗಾಯಗೊಂಡು ನರಳಬಾರದೆಂಬುದು ಅವನ ಸಮರ್ಥನೆ. ಇದರಿಂದ ನೋವು ಕಡಿಮೆಯಾದೀತು, ಸಂಕಲ್ಪಹಿಂಸೆ ಕಡಿಮೆಯಾಗದು.

ಜನ್ನ ಕವಿಯ ‘ಯಶೋಧರ ಚರಿತೆ’ಯಲ್ಲಿ ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಯಶೋಧರನೂ ತಾಯಿ ಚಂದ್ರಮತಿಯೂ ಭವಭವಗಳಲ್ಲಿ ತಿರ್ಯಗ್ಜನ್ಮದ ದುಃಖವನ್ನುಂಡರು. ಅಲ್ಲಿದ್ದುದು ಹಿಟ್ಟು, ಬಂಧಕ್ಕೆ ಕಾರಣವಾದುದು ಕೊಲ್ಲುವ ಭಾವ.

ಕ್ರೀಡೆಗಾಗಿ ಹುಲ್ಲಿನ ಗುರಿಗೆ ಬಾಣ ಬಿಡುವವನಿಗೆ ಈ ದೋಷವಿಲ್ಲ. ಕೊಲ್ಲುವುದಕ್ಕಾಗಿಯೇ ಅದೇ ಗುರಿಗೆ ಬಿಡುವವನ ಬೇಟೆ ಕಾಡಿನಲ್ಲಲ್ಲ, ಅಭ್ಯಾಸದ ಅಂಗಳದಲ್ಲಿಯೇ ಆರಂಭವಾಗಿರುತ್ತದೆ. ಶ್ರಾವಕನು ಮೊನೆಗಿಂತ ಮೊದಲು ಮನಸ್ಸನ್ನು ಪರೀಕ್ಷಿಸಬೇಕು.